ಬೀಗದ ಕೈ ನಿಮ್ಮ ಜೇಬಿನಲ್ಲಿ ಯಾಕೆ?

ದಾವಣಗೆರೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದಿದ್ದಾರೆ): "ನಮ್ಮ ಅಪಾರ್ಟ್‌ಮೆಂಟಿನವರು ಚಂದಾ ಎತ್ತಿ ಎಇಡಿ ಯಂತ್ರ ಕೊಂಡೆವು. ಹೃದಯ ನಿಂತವರಿಗೆ ಶಾಕ್ ಕೊಡುವ ಪೆಟ್ಟಿಗೆ. ಲಿಫ್ಟಿನ ಪಕ್ಕ ತೂಗುಹಾಕಿ ಅಂತ ಹುಡುಗರ ಹಟ. ನಾನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಸುಮ್ನೆ ತಲೆಸುತ್ತಿ ಬಿದ್ದವರಿಗೆ ವಾಚ್‌ಮನ್ ಶಾಕ್ ಕೊಟ್ಟುಬಿಟ್ಟರೆ ಯಾರು ಹೊಣೆ? ಡಾಕ್ಟರ ಕೆಲಸ ಡಾಕ್ಟರೇ ಮಾಡಲಿ. ನಾನು ಮಾಡಿದ್ದು ಸರಿ ತಾನೇ?"

ಚಂದಾ ಹಣದ ವಸ್ತು ಕಳುವಾಗಬಾರದು, ಮಕ್ಕಳ ಆಟದ ಸಾಮಾನಾಗಬಾರದು. ಅಷ್ಟರ ಮಟ್ಟಿಗೆ ಒಪ್ಪಿದೆ ಸರ್. ಬ್ಯಾಂಕಿನಲ್ಲಿ ಲಾಕರ್ ಕಾಯ್ದ ಕೈಗೆ ಬೀಗ ಕಂಡರೆ ಸಮಾಧಾನ ಅನ್ನುವುದೂ ಅರ್ಥವಾಗುತ್ತದೆ. ಆದರೆ ಮಾಡಿದ್ದು ಸರಿಯಲ್ಲ.

ನೀವು ಹೆದರಿದ ಆ ತಪ್ಪನ್ನು ಮಾಡಲು ಆ ಪೆಟ್ಟಿಗೆಯೇ ಬಿಡುವುದಿಲ್ಲ. ಎದೆಗೆ ಅಂಟಿಸಿದ ಎರಡು ಪ್ಯಾಡ್‌ಗಳಿಂದ ಅದು ಮೊದಲು ಹೃದಯದ ಲಯ ಓದುತ್ತದೆ. ರಕ್ತ ತಳ್ಳಲಾಗದೆ ಹೃದಯ ಗಡಗಡ ನಡುಗುತ್ತಿದ್ದರೆ, ಇಲ್ಲವೇ ನಾಡಿಯೇ ಸಿಗದಷ್ಟು ವೇಗವಾಗಿ ಓಡುತ್ತಿದ್ದರೆ ಮಾತ್ರ ಶಾಕಿಗೆ ತಯಾರಾಗುತ್ತದೆ. ತಲೆಸುತ್ತಿ ಬಿದ್ದವರ ಹೃದಯ ನೆಟ್ಟಗೆ ಬಡಿಯುತ್ತಿರುತ್ತದೆ ಅಲ್ವಾ? ಅಲ್ಲಿ ಬಟನ್ ಒತ್ತಿದರೂ ಶಾಕ್ ಹೊರಡುವುದಿಲ್ಲ. ಪೂರ್ತಿ ಸ್ತಬ್ಧವಾದ ಹೃದಯಕ್ಕೂ ಅದು ಶಾಕ್ ಕೊಡುವುದಿಲ್ಲ. ಪರದೆಯಲ್ಲಿ ಗೆರೆ ನೆಟ್ಟಗಾದ ಕೂಡಲೇ ಶಾಕ್ ಕೊಟ್ಟು, ನಾಯಕ ಎದ್ದು ಕೂರುವ ದೃಶ್ಯ ಸಿನಿಮಾದವರ ಸೃಷ್ಟಿ. ನಮ್ಮ ವೈದ್ಯಜ್ಞಾನದ ಅರ್ಧ ಪಾಲು ಬಂದಿರುವುದೇ ಅಲ್ಲಿಂದ!

ಹಾಗಾದರೆ ವಾಚ್‌ಮನ್ ಏನು ಗಮನಿಸಬೇಕು? ಕರೆದರೆ, ಭುಜ ತಟ್ಟಿದರೆ ಎಚ್ಚರವಿಲ್ಲ. ಉಸಿರು ಸರಿಯಾಗಿಲ್ಲ. ಅಷ್ಟು ಸಾಕು. ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಸದ್ದು ಬಂದರೆ "ಉಸಿರಾಡ್ತಿದ್ದಾರೆ ಬಿಡಿ" ಎಂದು ಮೋಸಹೋಗಬಾರದು, ಅದು ಉಸಿರಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ, ಒಬ್ಬರು ಪೆಟ್ಟಿಗೆ ತರಲಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಒತ್ತುತ್ತಿರಲಿ. (ಎದೆನೋವು ಅಂತ ಮಾತಾಡುತ್ತಾ ಕೂತಿರುವವರಿಗೆ ಈ ಪೆಟ್ಟಿಗೆ ಬೇಡ. ಅವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಿ.) ಪೆಟ್ಟಿಗೆ ಆನ್ ಮಾಡಿದರೆ ಅದೇ ಮಾತಾಡಿ ದಾರಿ ಹೇಳುತ್ತದೆ. ಎದೆ ಬರಿದಾಗಿರಬೇಕು, ಒದ್ದೆಯಿದ್ದರೆ ಒರೆಸಬೇಕು, ನೀರಿನಲ್ಲಿ ಬಿದ್ದಿದ್ದರೆ ಆಚೆ ಎಳೆಯಬೇಕು. ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಚರ್ಮದಡಿ ಪೇಸ್‌ಮೇಕರಿನ ಉಬ್ಬು ಕಂಡರೆ ಅದರ ಮೇಲೆ ಬೇಡ. ಮಾಂಗಲ್ಯ ಬಿಚ್ಚುತ್ತಾ ಕೂರಬೇಡಿ, ಪಕ್ಕಕ್ಕೆ ಸರಿಸಿದರೆ ಸಾಕು. ರವಿಕೆ ಕತ್ತರಿಸಲು ಸಂಕೋಚವೂ ಬೇಡ. ಅಮೆರಿಕದಲ್ಲೇ ಸಾರ್ವಜನಿಕ ಜಾಗದಲ್ಲಿ ಕುಸಿದ ಗಂಡಸರಲ್ಲಿ ಶೇ. 45 ಮಂದಿಗೆ ಎದೆ ಒತ್ತುವ ಕೈ ಸಿಕ್ಕಿದರೆ, ಹೆಂಗಸರಲ್ಲಿ ಶೇ. 39 ಮಂದಿಗೆ ಮಾತ್ರ ಎಂದು ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಕರೆಂಟಿನ ಭಯಕ್ಕೆ ನಿಜವಾದ ಜಾಗ ಒಂದೇ. ಲಯ ಓದುವಾಗ, ಶಾಕ್ ಕೊಡುವಾಗ ಯಾರೂ ಮೈ ಮುಟ್ಟಿರಬಾರದು. "ಎಲ್ಲಾ ದೂರ ಸರೀರಿ" ಎಂದು ಕೂಗಿ, ಕಣ್ಣಾಡಿಸಿ, ಆಮೇಲೆ ಬಟನ್. ಶಾಕ್ ಆದ ತಕ್ಷಣ ಮತ್ತೆ ಎದೆ ಒತ್ತಬೇಕು. ಎದ್ದು ಕೂರುತ್ತಾರೇನೋ ಅಂತ ನೋಡುತ್ತಾ ನಿಂತರೆ ಕೆಟ್ಟಿತು.

ನಿಮ್ಮ ವಾಚ್‌ಮನ್ ಬಗ್ಗೆ ನಿಮಗಿರುವ ಅನುಮಾನ ನನಗೆ ಜಾಸ್ತಿ ಚುಚ್ಚಿತು. ಲಾಸ್ ವೇಗಸ್ಸಿನ ಜೂಜುಕಟ್ಟೆಗಳಲ್ಲಿ ಸೆಕ್ಯೂರಿಟಿಯವರಿಗೇ ಈ ಯಂತ್ರ ಕಲಿಸಿಕೊಟ್ಟರು. ಅಲ್ಲಿ ಮೂಲೆಮೂಲೆಗೂ ಕ್ಯಾಮೆರಾ, ಹಾಗಾಗಿ ಯಾರು ಎಷ್ಟು ಹೊತ್ತಿಗೆ ಬಿದ್ದರು ಅನ್ನುವುದೂ ಪಕ್ಕಾ. ಬಿದ್ದ 3 ನಿಮಿಷದೊಳಗೆ ಮೊದಲ ಶಾಕ್ ಸಿಕ್ಕವರಲ್ಲಿ ಶೇ. 74 ಮಂದಿ ಬದುಕಿ ಮನೆಗೆ ಹೋದರು ಎಂದು 2000ದಲ್ಲಿ ವರದಿಯಾಯಿತು. ಶಿಕಾಗೋದ ವಿಮಾನ ನಿಲ್ದಾಣಗಳಲ್ಲಿ 1999ರಲ್ಲಿ ಒಂದೂವರೆ ನಿಮಿಷದ ನಡಿಗೆಯೊಳಗೆ ಸಿಗುವಂತೆ ಪೆಟ್ಟಿಗೆಗಳನ್ನು ಗೋಡೆಗೆ ಹಾಕಿದರು. 2 ವರ್ಷದಲ್ಲಿ ಹೃದಯ ನಡುಗಿ ಬಿದ್ದವರು 18 ಮಂದಿ, ಉಳಿದವರು 11. ಆ ಹನ್ನೊಂದರಲ್ಲಿ ಆರು ಜನರನ್ನು ಉಳಿಸಿದವರಿಗೆ ಯಂತ್ರ ಬಳಸಿದ ಅಭ್ಯಾಸವೇ ಇರಲಿಲ್ಲ. ಕೆಲವರು ವೈದ್ಯಕೀಯ ಓದಿದ್ದವರು, ನಿಜ. ಮಿಕ್ಕವರು ನಿಮ್ಮ ನನ್ನಂಥವರೇ.

1965ರಲ್ಲಿ ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಕಾರಿನ ಬ್ಯಾಟರಿ ಜೋಡಿಸಿ, ಸುಮಾರು 70 ಕೆಜಿ ತೂಕದ ಡಿಫಿಬ್ರಿಲೇಟರನ್ನು, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು, ಆಂಬುಲೆನ್ಸಿಗೆ ಏರಿಸಿದರು. ರೋಗಿ ಆಸ್ಪತ್ರೆಗೆ ಬರುವವರೆಗೆ ಯಾಕೆ ಕಾಯಬೇಕು, ಯಂತ್ರವೇ ಹೋಗಲಿ ಅಂತ. ಅಷ್ಟು ಭಾರ ಹೊತ್ತು ಬೀದಿಗಿಳಿದ ವಸ್ತು ಈಗ ಕೈಚೀಲದಷ್ಟಾಗಿದೆ. ಅದನ್ನು ನಾವು ಬೀರುವಿಗೆ ಸೇರಿಸುತ್ತೇವೆ!

ಇದು ನಿಮ್ಮೊಬ್ಬರ ಕಾಯಿಲೆಯಲ್ಲ ಬಿಡಿ. ಬೆಂಗಳೂರಿನ ಒಂದು ಮಾಲ್‌ನಲ್ಲಿ ಇಂಥದೇ ಪೆಟ್ಟಿಗೆ ತೋರಿಸಿ, "ಇದೇನಪ್ಪಾ?" ಎಂದು ಗಾರ್ಡನ್ನು ಕೇಳಿದೆ. "ಗೊತ್ತಿಲ್ಲ ಸಾರ್, ಮುಟ್ಬೇಡಿ, ಅಲಾರಂ ಹೊಡೆಯುತ್ತೆ" ಎಂದ. ಪಾಪ, ಅವನಿಗೆ ಕಲಿಸಿದ್ದೇ ಅಷ್ಟು. ನಮ್ಮ ಪತ್ರಿಕೆ ಕಚೇರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹೋದ ತಿಂಗಳವರೆಗೂ ಕ್ಯಾಲೆಂಡರಿನ ಹಿಂದೆ ಇತ್ತು, ಆದ್ದರಿಂದ ನಾನೂ ಸಾಚಾ ಅಲ್ಲ. ವಸ್ತು ಕೊಳ್ಳುತ್ತೇವೆ, ರಿಬ್ಬನ್ ಕತ್ತರಿಸುತ್ತೇವೆ, ಫೋಟೊ ಹೊಡೆಸುತ್ತೇವೆ. ಬಳಸುವುದು ಹೇಗೆ ಅನ್ನುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ. 2021ರ ಅಕ್ಟೋಬರಿನಲ್ಲಿ ಪುನೀತ್ ಹೋದಾಗ, ಕಳೆದ 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ, ಜನ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಎದೆ ಒತ್ತುವುದನ್ನು ಕಲಿಯಲು ಅಂಥ ಸಾಲು ಎಲ್ಲಾದರೂ ಕಂಡಿರಾ? ಬದಲಿಗೆ "ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿ ಬದುಕಿ" ಎಂಬ ಸುಳ್ಳು ವಾಟ್ಸಾಪಿನಲ್ಲಿ ನನಗೇ ಹತ್ತಾರು ಸಲ ಬಂದಿದೆ. ಅದರಲ್ಲಿ ಎರಡು ಡಾಕ್ಟರ ಮನೆಯಿಂದ.

ಎದೆ ಒತ್ತುವವರೂ ಇಲ್ಲದಿದ್ದರೆ ಒಂದೊಂದು ನಿಮಿಷಕ್ಕೂ ಉಳಿಯುವ ಆಸೆ ಶೇ. 7ರಿಂದ 10ರಷ್ಟು ಜಾರುತ್ತದೆ. ನಿಮಗೆ ಫೋನ್ ಮಾಡಿ, ನೀವು ಕನ್ನಡಕ ಹುಡುಕಿ, ಕೆಳಗಿಳಿದು, ಗೊಂಚಲಿನಲ್ಲಿ ಸರಿಯಾದ ಕೀಲಿ ಹುಡುಕುವಷ್ಟರಲ್ಲಿ ಎಷ್ಟು ನಿಮಿಷ? ಮಗಳ ಮನೆಗೆ ಹೋಗಿದ್ದರೆ? ಬೇಜಾರು ಮಾಡ್ಕೋಬೇಡಿ, ಬಿದ್ದವರು ನೀವೇ ಆಗಿದ್ದರೆ? ಕೀಲಿ ನಿಮ್ಮ ಜೇಬಿನಲ್ಲೇ ಇರುತ್ತದಲ್ಲ ಸರ್.

ಲಿಫ್ಟಿನ ಪಕ್ಕ ಹಾಕಿಸಿ. ಬೀಗ ಬೇಡ, ಬೇಕಿದ್ದರೆ ಬಾಗಿಲು ತೆಗೆದರೆ ಕೂಗುವ ಅಲಾರಂ ಇರಲಿ. ಒಂದು ಭಾನುವಾರ ವಾಚ್‌ಮನ್, ಮನೆಗೆಲಸದವರು, ಆ ಹಟಮಾರಿ ಹುಡುಗರು ಎಲ್ಲರನ್ನೂ ಕೂರಿಸಿ ಕಲಿಸಿ. ಬೀರು ತೆಗೆದಾಗ ಪೆಟ್ಟಿಗೆಯ ಬ್ಯಾಟರಿ ದೀಪವನ್ನೂ ಪ್ಯಾಡ್‌ಗಳ ಮೇಲಿನ ಅವಧಿಯ ದಿನಾಂಕವನ್ನೂ ನೋಡಿ, ನನಗೊಂದು ಕಾರ್ಡ್ ಹಾಕಿ.

— ಸಂ.