ಕೋಲಾರದಿಂದ ಒಂದೇ ದಿನದಲ್ಲಿ ಬೆಂಗಳೂರಿನ ಆರು ಜಾಗ ನೋಡೋಕೆ ಕಾರು ಒಳ್ಳೆಯದೋ, ಟೂರ್ ಬಸ್ಸೋ?

ಎರಡೂ ಬೇಡ.

ಅಪ್ಪ ಅಮ್ಮನ ಜೊತೆ ಲಾಲ್‌ಬಾಗ್, ಟಿಪ್ಪು ಅರಮನೆ, ಮ್ಯೂಸಿಯಂ, ಕಬ್ಬನ್ ಪಾರ್ಕ್, ವಿಧಾನಸೌಧ, ಬೆಂಗಳೂರು ಅರಮನೆ ಅಂತ ಬರೆದಿದ್ದೀರಲ್ಲ, ಅದೇ ಪಟ್ಟಿ ನನ್ನ ಜೇಬಲ್ಲೂ ಇತ್ತು. ನಾನು ಕಾರು ಮಾಡಿಸಿದ್ದೆ. ಹೊಸಕೋಟೆವರೆಗೆ ರಾಜರ ಹಾಗೆ ಹೋದ್ವಿ. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಂತಿದ್ದು ನಿಂತೇ ಇತ್ತು. ಮಧ್ಯಾಹ್ನಕ್ಕೆ ಅಂತ ಅಮ್ಮ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನದ ಡಬ್ಬಿ ಅಲ್ಲೇ ಖಾಲಿ ಆಯ್ತು.

ಅದು ಹೋಗಲಿ, ಟ್ರಾಫಿಕ್ ಯಾರಿಗೆ ಗೊತ್ತಿಲ್ಲ. ನಾನು ಕೆಟ್ಟಿದ್ದು ಲಾಲ್‌ಬಾಗಲ್ಲಿ. ಡಬಲ್ ರೋಡ್ ಕಡೆಯ ಮೇನ್ ಗೇಟಲ್ಲಿ ಇಳಿದು ಡ್ರೈವರ್‌ಗೆ "ಸುತ್ತಾಡ್ಕೊಂಡು ಬರ್ತೀವಿ, ಗೇಟ್ ಹತ್ರ ಇರಪ್ಪ" ಅಂದೆ. ಯಾವ ಗೇಟು ಅಂತ ಹೇಳಲಿಲ್ಲ. ಲಾಲ್‌ಬಾಗ್ ಅಂದ್ರೆ 240 ಎಕರೆ, ನಾಲ್ಕು ದಿಕ್ಕಿಗೂ ಗೇಟು. ಜನ ಈ ಕಡೆ ಹೊಕ್ಕು ಆ ಕಡೆ ಹೊರಗೆ ಬರ್ತಾರೆ ಅಂತ ಅವನು ಪಶ್ಚಿಮದ ಗೇಟಿಗೆ ಹೋಗಿ ನಿಂತಿದ್ದ. ಅವನ ಲೆಕ್ಕ ತಪ್ಪೇನಲ್ಲ. ನಾವು ಗಾಜಿನ ಮನೆ ನೋಡಿ, ಬಂಡೆ ಹತ್ತಿ ಇಳಿದು, ಮತ್ತೆ ಮೇನ್ ಗೇಟಿಗೇ ವಾಪಸ್ ಬಂದ್ವಿ. ಫೋನ್ ಮಾಡಿದ್ರೆ "ಗೇಟ್ ಹತ್ರಾನೇ ಇದೀನಿ ಸಾರ್, ಎದುರಿಗೇ ಎಳನೀರು ಗಾಡಿ ಇದೆ" ಅಂದ. ನನ್ನೆದುರಿಗೂ ಎಳನೀರು ಗಾಡಿ ಇತ್ತು! ಎಳನೀರಿನವರನ್ನೇ ಗುರುತು ಇಟ್ಕೊಂಡು ಇಬ್ಬರೂ ಎಷ್ಟು ಹೊತ್ತು ಜಗಳ ಆಡಿದ್ವೋ.

ಅಷ್ಟಾದ್ಮೇಲೂ "ಸುತ್ತಿ ಬಾರಪ್ಪ, ಕಾಯ್ತೀವಿ" ಅಂದಿದ್ರೆ ಮುಗೀತಿತ್ತು. ಫೋನಿನ ಮ್ಯಾಪಲ್ಲಿ ಎರಡು ಗೇಟಿನ ಮಧ್ಯೆ ಒಂದು ಬೆರಳಗಲ ಕಾಣಿಸ್ತು. "ಒಳಗಿಂದಲೇ ನಡ್ಕೊಂಡು ಬರ್ತೀವಿ" ಅಂದುಬಿಟ್ಟೆ. ಮಂಡಿ ನೋವಿನ ಅಪ್ಪನನ್ನು ಉದ್ಯಾನದ ಈ ತುದಿಯಿಂದ ಆ ತುದಿಗೆ ನಡೆಸಿದೆ. ಅರ್ಧ ದಾರೀಲಿ ಅವರು ಕಲ್ಲುಬೆಂಚಿನ ಮೇಲೆ ಕೂತು, "ನೀವು ಬೆಂಗಳೂರು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದ್ರು. ಕೋಪಕ್ಕೂ ಅಂದಿದ್ದಲ್ಲ, ನಿಜಕ್ಕೂ ಏಳೋಕಾಗ್ತಿರಲಿಲ್ಲ. ಆಮೇಲೆ ಟಿಪ್ಪು ಅರಮನೆಗೆ ಹೋಗೋ ಮಾತೇ ಇರಲಿಲ್ಲ. ಮ್ಯೂಸಿಯಂ ಮುಟ್ಟೋ ಹೊತ್ತಿಗೆ ಬಾಗಿಲು ಹಾಕ್ತಿದ್ರು. ವಿಧಾನಸೌಧ ಕಾರಿನ ಕಿಟಕಿಯಿಂದಲೇ ದರ್ಶನ. ಬಾಡಿಗೆ ಮಾತ್ರ ಪೂರ್ತಿ ಕೊಟ್ಟೆ, ವೇಟಿಂಗ್ ಬೇರೆ.

ಹಾಗಾಗಿ ಹೇಳ್ತೀನಿ, ನಿಮ್ಮ ಪಟ್ಟಿಯನ್ನೇ ಹರಿದುಹಾಕಿ. ಒಂದು ದಿನಕ್ಕೆ ಊರಿನ ಒಂದು ಕಡೆ ಸಾಕು, ಅದೂ ಕಬ್ಬನ್ ಪಾರ್ಕ್ ಕಡೆ. ಆಮೇಲೊಂದು ಸಲ ನಾವು ಹೋಗಿದ್ದು ಹೀಗೇ: ಕೋಲಾರದ ಬಸ್ಸಲ್ಲಿ ಕೆ.ಆರ್. ಪುರದಲ್ಲೇ ಇಳಿದು ನೇರಳೆ ಮೆಟ್ರೋ, ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳಿಯೋದು. ಕಸ್ತೂರಬಾ ರಸ್ತೇಲಿ ಮ್ಯೂಸಿಯಂ ಮೊದಲು ನೋಡಿ, ಕಾಲಲ್ಲಿ ಕಸುವಿರುವಾಗಲೇ. ಕೆಂಪು ಗೋಡೆಯ ಆ ಕಟ್ಟಡ 1877ರದ್ದು.

ಒಳಗೆ ಆತಕೂರು ಕಲ್ಲು ಅಂತ ಕೇಳಿಕೊಂಡು ಹೋಗಿ. ನಾಯಿಗೆ ನೆಟ್ಟ ವೀರಗಲ್ಲು ಅದು, ಹತ್ತನೇ ಶತಮಾನದ್ದು. 949ರ ಹೊತ್ತಿಗೆ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದ ನಂತರ ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದನಂತೆ. ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನಲ್ಲಿ ಇವತ್ತಿಗೂ ನಾಯಿ ಹಂದಿ ಒಂದರ ಮೇಲೊಂದು ಎಗರಿಕೊಂಡೇ ಇವೆ, ಸುತ್ತ ಹಳಗನ್ನಡ ಅಕ್ಷರ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ್ದಾರೆ. ನಮ್ಮ ಕಡೆ ಹೊಲದ ಬದುವಿನ ವೀರಗಲ್ಲಿಗೆ ಕುಂಕುಮ ಇಟ್ಟು ಅಭ್ಯಾಸ ಇರೋ ಅಮ್ಮ, ಇಲ್ಲಿ ಯಾರು ಪೂಜೆ ಮಾಡ್ತಾರೆ ಅಂತ ಕಾವಲಿನವರನ್ನು ಕೇಳಿಯೇ ಬಿಟ್ರು. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. (ಅವರು ಹುಟ್ಟಿದ ಮುದ್ದೇನಹಳ್ಳಿ 2007ರವರೆಗೆ ನಮ್ಮ ಜಿಲ್ಲೆಯೇ, ಈಗ ಚಿಕ್ಕಬಳ್ಳಾಪುರದವರು ಬಿಟ್ಟುಕೊಡಲ್ಲ.) ಮಕ್ಕಳಿದ್ರೆ ಹೋಗಿ, ಇಲ್ಲದಿದ್ರೆ ಪಾರ್ಕ್ ಒಳಗೆ ನಡೀರಿ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ರೂಪಿಸಿದ ಪಾರ್ಕು, ನೆರಳಿಗೇನೂ ಬರ ಇಲ್ಲ. ಶೇಷಾದ್ರಿ ಅಯ್ಯರ್ ಹಾಲ್ ದಾಟಿ ಅಠಾರ ಕಚೇರಿಗೆ ಬನ್ನಿ, 1868ರದ್ದು, ಈಗ ಹೈಕೋರ್ಟು. ಎದುರಿಗೇ ವಿಧಾನಸೌಧ. 1951ರಲ್ಲಿ ನೆಹರು ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ನಮ್ಮ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಆಮೇಲೆ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿ 1956ಕ್ಕೆ ಮುಗಿಸಿದ್ರು, ಹೆಸರು ಪೂರ್ತಿ ಅವರಿಗೇ ಹೋಯ್ತು. ಕೋಲಾರದವರು ಇಷ್ಟಾದರೂ ಹೇಳಿಕೊಳ್ಳಬೇಕು. ಅಲ್ಲೇ ಮೆಟ್ರೋ ಹತ್ತಿದ್ರೆ ಕೆ.ಆರ್. ಪುರ, ಬಸ್ಸು, ಮನೆ.

ಲಾಲ್‌ಬಾಗ್ ಇನ್ನೊಂದು ದಿನಕ್ಕೆ ಇಟ್ಕೊಳ್ಳಿ. ಮೆಜೆಸ್ಟಿಕಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಲಾಲ್‌ಬಾಗ್ ಸ್ಟೇಷನ್ನಲ್ಲಿ ಇಳಿದರೆ ಪಶ್ಚಿಮದ ಗೇಟು. ಹೊಕ್ಕ ಗೇಟಿಂದಲೇ ಹೊರಗೆ ಬನ್ನಿ. ತೋಟ ಹಾಕಿಸೋಕೆ ಶುರುಮಾಡಿದ ಹೈದರಾಲಿ ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದವನು ಅಂತ ಅಪ್ಪನಿಗೆ ಹೇಳಿ, ಖುಷಿಯಾಗ್ತಾರೆ. ಬಂಡೆ 300 ಕೋಟಿ ವರ್ಷದ್ದು ಅಂದಾಗ ನಮ್ಮಪ್ಪ, "ಅಂತರಗಂಗೆ ಬೆಟ್ಟಕ್ಕೂ ಯಾರಾದ್ರೂ ಬೋರ್ಡ್ ನೆಟ್ರೆ ಅದಕ್ಕೂ ವಯಸ್ಸು ಬರುತ್ತೆ" ಅಂದಿದ್ರು. ಬರುವಾಗ ಕೆ.ಆರ್. ಮಾರ್ಕೆಟ್ ಸ್ಟೇಷನ್ನಲ್ಲಿ ಇಳಿದು ಕೋಟೆ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ ನೋಡಬಹುದು. ಆಗಸ್ಟ್ 15, ಜನವರಿ 26ರ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ವಯಸ್ಸಾದವರನ್ನು ಕರ್ಕೊಂಡು ಹೋಗಲೇಬೇಡಿ, ಹೂವಿಗಿಂತ ತಲೆಗಳೇ ಜಾಸ್ತಿ.

ಬೆಂಗಳೂರು ಅರಮನೆ? ಮೈಸೂರಿನದು ನೋಡಿದ್ರೆ ಇದು ಬೇಡ, ಟಿಕೆಟ್ ಕೇಳಿದ್ರೇ ಅಮ್ಮ ವಾಪಸ್ ತಿರುಗ್ತಾರೆ. ಮತ್ತೆ, ಕಬ್ಬನ್ ಪಾರ್ಕ್ ಕಡೆಗೆ ಸೋಮವಾರ ಹೊರಡಬೇಡಿ, ಮ್ಯೂಸಿಯಂಗೆ ಅವತ್ತು ರಜ.