ಮಗು ಬೇಕಾದರೆ ಆ ಇಂಜೆಕ್ಷನ್ ಹತ್ತಿರ ಹೋಗಬೇಡಿ

98 ಕೆಜಿ ತೂಕ, ಟೆಸ್ಟೋಸ್ಟಿರೋನ್ ಎಂಬ ಗಂಡಸರ ಹಾರ್ಮೋನ್ ಕಮ್ಮಿ, ಮಗು ಆಗಿಲ್ಲ, ಅದರ ಇಂಜೆಕ್ಷನ್ ತಗೊಳ್ಳಲಾ ಅಥವಾ ಮೊದಲು ತೂಕ ಇಳಿಸಲಾ ಅಂತ ಕೇಳಿದ್ದೀರಿ. ಇದೇ ಪಾಡಿನಲ್ಲಿದ್ದಾಗ ನಾನು 104 ಕೆಜಿ ಇದ್ದೆ.

ಬದಿಯಡ್ಕದಲ್ಲಿ ನನ್ನದು ಅಡಿಕೆ ವ್ಯಾಪಾರ. ದಿನವಿಡೀ ಕುರ್ಚಿ, ಹೊತ್ತುಹೊತ್ತಿಗೆ ಚಾ, ಗೋಳಿಬಜೆ. ಮದುವೆಯಾಗಿ ಎರಡು ವರ್ಷ ಕಳೆದಾಗ ಅಮ್ಮ ಹೆಂಡತಿಯನ್ನು ಮಂಗಳೂರಿಗೆ ಕರ್ಕೊಂಡು ಹೋದರು. ಅವಳಿಗೆ ನಾಲ್ಕು ಸಲ ಸ್ಕ್ಯಾನ್, ಒಮ್ಮೆ ಗರ್ಭನಾಳದ ಟ್ಯೂಬ್ ಪರೀಕ್ಷೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಸುಮ್ನಿದ್ದೆ. ಕೊನೆಗೆ ಡಾಕ್ಟರು ಗದರಿದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿದೆ. ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕೆಳಗಿನ ಗಡಿ 1.6 ಕೋಟಿ. ಟೆಸ್ಟೋಸ್ಟಿರೋನೂ ಕಮ್ಮಿ.

ಜಿಮ್ಮಿನವನೊಬ್ಬ "ಕಮ್ಮಿ ಇದ್ರೆ ಹಾಕಿಸ್ಕೊಂಡ್ರೆ ಆಯ್ತಲ್ಲ" ಅಂದ. ಟ್ಯಾಂಕಿಯಲ್ಲಿ ನೀರು ಕಮ್ಮಿಯಾದರೆ ತುಂಬಿಸುವುದಲ್ವಾ? ಐದು ತಿಂಗಳು ಹಾಕಿಸಿಕೊಂಡೆ. ತೋಳು ಗಟ್ಟಿಯಾಯಿತು, ಹುರುಪು ಬಂತು. ಮತ್ತೆ ಪರೀಕ್ಷೆಗೆ ಕೊಟ್ಟರೆ ಸೊನ್ನೆ. ಡಬ್ಬಿ ಅದಲುಬದಲಾಗಿದೆ ಅಂತ ಲ್ಯಾಬಿನ ಹುಡುಗಿಯ ಹತ್ತಿರ ಜಗಳ ಮಾಡಿ ಇನ್ನೊಮ್ಮೆ ಕೊಟ್ಟೆ. ಆಗಲೂ ಸೊನ್ನೆ.

ಹಾರ್ಮೋನ್ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅಂತ ಎರಡು ಹಾರ್ಮೋನ್ ಕಳಿಸುತ್ತದೆ. ಅವು ಬಂದರೆ ವೃಷಣಕ್ಕೆ ಕೆಲಸ. ಹೊರಗಿನಿಂದ ಟೆಸ್ಟೋಸ್ಟಿರೋನ್ ಸುರಿದರೆ, ಟ್ಯಾಂಕಿ ತುಂಬಿತೆಂದು ಪಂಪು ತಾನೇ ಆಫ್ ಆಗುವ ಹಾಗೆ, ಪಿಟ್ಯುಟರಿ ಅವನ್ನು ಕಳಿಸುವುದನ್ನೇ ನಿಲ್ಲಿಸಿಬಿಡುತ್ತದೆ. ರಕ್ತದಲ್ಲಿ ಬೇಕಾದಷ್ಟು, ವೃಷಣದೊಳಗೆ ಬರಗಾಲ. ವೀರ್ಯಾಣು ತಯಾರಾಗಲು ಬೇಕಾದದ್ದು ಒಳಗಿನದ್ದು. ಇದೇ ಇಂಜೆಕ್ಷನನ್ನು ಗಂಡಸರ ಗರ್ಭನಿರೋಧಕವಾಗಿ ಪ್ರಯೋಗ ಮಾಡಿ ನೋಡಿದ್ದಾರೆ ಮಾರಾಯ್ರೆ! ಮಗು ಬೇಕೆಂದು ನಾನು ದುಡ್ಡು ಕೊಟ್ಟು ಹಾಕಿಸಿಕೊಂಡದ್ದು ಅದನ್ನೇ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಎರಡು ದಾರಿ ಇಲ್ಲ, ಮೊದಲು ತೂಕವೇ ಇಳಿಸಿ. ನಿಮಗೆ ಟೆಸ್ಟೋಸ್ಟಿರೋನ್ ಕಮ್ಮಿಯಾದದ್ದೇ ಬೊಜ್ಜಿನಿಂದ ಇರಬಹುದು. ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಅದನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಆಗಿ ಬದಲಾಯಿಸುತ್ತದೆ, ಈಸ್ಟ್ರೋಜನ್ ಜಾಸ್ತಿಯಾದರೂ ಪಿಟ್ಯುಟರಿ ಮಂಕಾಗುತ್ತದೆ. ದಪ್ಪಗಿದ್ದರೆ ತೊಡೆಸಂದಿಯ ಬಿಸಿಯೂ ಜಾಸ್ತಿ, ಅದು ವೀರ್ಯಾಣುವಿಗೆ ಒಳ್ಳೆಯದಲ್ಲ. ಟೆಸ್ಟೋಸ್ಟಿರೋನನ್ನು ಹೊತ್ತು ತಿರುಗುವ ಪ್ರೋಟೀನೂ ದಪ್ಪಗಿದ್ದವರಲ್ಲಿ ಇಳಿದಿರುತ್ತದೆ, ಅದಕ್ಕೇ ರಕ್ತದ ಒಟ್ಟು ಟೆಸ್ಟೋಸ್ಟಿರೋನ್ ಲೆಕ್ಕವೊಂದನ್ನೇ ನೋಡಿ ಹೆದರಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ಕೊಡಿ, ಎಲ್‌ಎಚ್, ಎಫ್‌ಎಸ್‌ಎಚ್ ಕೂಡ ನೋಡಿಸಿ. ಪಿಟ್ಯುಟರಿಯನ್ನು ಎಬ್ಬಿಸುವ ಔಷಧಿ ಬೇರೆಯೇ ಇದೆ, ಅದು ಡಾಕ್ಟರಿಗೆ ಬಿಟ್ಟದ್ದು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ವಾರವಾರ ಪರೀಕ್ಷೆ ಮಾಡಿಸಿ ಪ್ರಯೋಜನ ಇಲ್ಲ.

ಇಂಜೆಕ್ಷನ್ ಬಿಟ್ಟು ಹತ್ತು ತಿಂಗಳಾದ ಮೇಲೆ ನನ್ನದು 1.1 ಕೋಟಿಗೆ ಬಂತು. ತೂಕ ಈಗ 91. ಅಷ್ಟರಲ್ಲಿ ಹೆಂಡತಿಗೆ 34 ತುಂಬಿತ್ತು. ಆ ಸೊನ್ನೆಯ ಚೀಟಿಯನ್ನು ಅಮ್ಮನಿಗೆ ಇನ್ನೂ ತೋರಿಸಿಲ್ಲ. "ವಿಶೇಷ ಏನಾದರೂ ಇದೆಯಾ" ಅಂತ ಅವರು ಈಗಲೂ ಕೇಳುವುದು ಅವಳನ್ನೇ.