ಪಾಡ್ಯದ ಕಾರಿಗೆ ಪಕ್ಷಮಾಸದಲ್ಲೇ ಮಾತು

ಗದಗ-ಬೆಟಗೇರಿಯ ಹೈಸ್ಕೂಲ್ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ದೀಪಾವಳಿ ಪಾಡ್ಯಕ್ಕೆ ಮನೆಗೆ ಹೊಸ ಕಾರು ತರಬೇಕು ಅಂತ ಆಸೆ. ಹುಬ್ಬಳ್ಳಿಯ ಶೋರೂಮಿನಲ್ಲಿ ವಿಚಾರಿಸಿದ್ದಾರೆ. ಎಕ್ಸ್-ಶೋರೂಮ್ 8 ಲಕ್ಷದ ಪೆಟ್ರೋಲ್ ಗಾಡಿ, ಕೊಟೇಶನ್ ಕೈಗೆ ಬರುವಾಗ 10,35,800 ಆಗಿದೆ. ರಸ್ತೆ ತೆರಿಗೆ 1,25,000. ಇನ್ಶೂರೆನ್ಸ್ 47,800. ಆಕ್ಸೆಸರಿ ಕಿಟ್ 22,500. ಎಕ್ಸ್‌ಟೆಂಡೆಡ್ ವಾರಂಟಿ 13,900. ಕೋಟಿಂಗ್ 8,500. ಹ್ಯಾಂಡ್ಲಿಂಗ್ 6,500. ರಿಜಿಸ್ಟ್ರೇಶನ್ ಮತ್ತು ಇತರೆ 11,000. ಫಾಸ್ಟ್ಯಾಗ್ 600. ಕಿಟ್ ಬೇಡ ಎಂದರೆ "ಎಲ್ಲಾರೂ ತಗೊಂತಾರ್ರೀ ಸರ, ನೀವೊಬ್ಬರ ಕೇಳಾಕತ್ತೀರಿ" ಎಂದನಂತೆ ಸೇಲ್ಸ್ ಹುಡುಗ. ಮನೆಗೆ ಬಂದರೆ ತಂದೆಯವರು, "ಲಕ್ಷಗಟ್ಟಲೆ ಕೊಡಾವ್ರು ಸಾವಿರಕ್ಕ ಯಾಕ ಜಗ್ಗಾಡ್ತೀ, ಮರ್ಯಾದಿಯಿಂದ ಕೊಟ್ಟು ಬಾ" ಎಂದರಂತೆ. ಮಾಸ್ತರರ ಪ್ರಶ್ನೆ ಒಂದೇ: ಇದರಲ್ಲಿ ಯಾವುದು ಕೊಡಲೇಬೇಕಾದ್ದು, ಯಾವುದು ಅಲ್ಲ? ಚೌಕಾಶಿ ಮಾಡಿದರೆ ನಾವು ಸಣ್ಣವರಾಗುತ್ತೇವಾ?

ಮಾಸ್ತರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರ ಮಾತಿನ ಹಿಂದಿನ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಹೋದವರು ಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದು, ಬಣ್ಣ ನೋಡಿ, ಮೂಸಿ, ಆಮೇಲೇ ದರ ಹೇಳುತ್ತಾರೆ. ಅದನ್ನು ಯಾರೂ ಸಣ್ಣತನ ಅನ್ನುವುದಿಲ್ಲ. ನೀವು ಕೇಳುತ್ತಿರುವುದೂ ಅಷ್ಟೇ. ಈ ದುಡ್ಡು ಯಾವುದಕ್ಕೆ ಅಂತ ಕೇಳುವ ಹಕ್ಕು ಕೊಡುವವರಿಗೆ ಇದ್ದೇ ಇದೆ.

ನೀವು "ಒಟ್ಟು ಎಷ್ಟು ಬಿಡ್ತೀರಿ" ಎಂದು ಕೇಳಿದಿರಿ. ಅಲ್ಲೇ ಸ್ವಲ್ಪ ತಪ್ಪಿತು. ಒಟ್ಟು ಮೊತ್ತದ ಮೇಲೆ ಮಾತಾಡಿದರೆ ಅವರು ಒಂದು ಕಡೆ ಹತ್ತು ಸಾವಿರ ಬಿಟ್ಟು ಇನ್ನೊಂದು ಕಡೆ ಸೇರಿಸುವುದು ಸುಲಭ. ತಿಂಗಳ ಕಂತಿನ ಮೇಲೆ ಮಾತಾಡಿದರಂತೂ ಇನ್ನೂ ಸುಲಭ. ಒಂದು ವರ್ಷ ಸಾಲ ಜಾಸ್ತಿ ಮಾಡಿದರೆ ಕಂತು ತಾನಾಗಿಯೇ ಇಳಿಯುತ್ತದೆ ಅಲ್ವಾ? ಆದ್ದರಿಂದ ಕೊಟೇಶನ್ನಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿ.

ಮೊದಲ ಸಾಲು ಎಕ್ಸ್-ಶೋರೂಮ್. ಇದರಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಅದಕ್ಕೂ ಮೊದಲು ಶೇ 28 ಮತ್ತು ಮೇಲೆ ಸೆಸ್ ಇತ್ತು. ರಸ್ತೆ ತೆರಿಗೆಯಲ್ಲಿ ಚೌಕಾಶಿಗೆ ಜಾಗವೇ ಇಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಗಾಡಿಗೆ ಶೇ 14, ಅದರ ಮೇಲೆ ಸೆಸ್. ನಿಮ್ಮ 1.25 ಲಕ್ಷ ಹೆಚ್ಚುಕಡಿಮೆ ಸರಿಯಾಗಿದೆ. ಇದು ಸರ್ಕಾರಕ್ಕೆ ಹೋಗುವ ದುಡ್ಡು, ರಸೀದಿ ಕೇಳಿ ಇಟ್ಟುಕೊಳ್ಳಿ. ಇನ್ನೊಂದು ಮಾತು. ಆನ್-ರೋಡ್ ಬೆಲೆ, ಅಂದರೆ ಎಲ್ಲ ಸೇರಿದ ಮೊತ್ತ, 10 ಲಕ್ಷ ದಾಟಿತು ಅಂತ ಯಾರಾದರೂ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಸೇರಿಸಲು ಬಂದರೆ ಒಪ್ಪಬೇಡಿ. ಅದು ಗಾಡಿಯ ಬೆಲೆಯೇ 10 ಲಕ್ಷ ದಾಟಿದಾಗ ಮಾತ್ರ.

ಈಗ "ರಿಜಿಸ್ಟ್ರೇಶನ್ ಮತ್ತು ಇತರೆ 11,000". ಈ "ಇತರೆ" ಎಂಬ ಪದ ಕಂಡಲ್ಲಿ ನಿಲ್ಲಿ. ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಸಾಲ ಇದ್ದರೆ ಬ್ಯಾಂಕಿನ ಹೆಸರು ಸೇರಿಸಲು 1500. ಸ್ಮಾರ್ಟ್ ಕಾರ್ಡಿಗೆ 200. ಒಟ್ಟು 2300. ತಾತ್ಕಾಲಿಕ ನೋಂದಣಿ, ಓಡಾಟದ ಖರ್ಚು ಅಂತ ಇನ್ನಷ್ಟು ಸೇರಲಿ, ಆದರೂ 11 ಸಾವಿರ ಹೇಗಾಯಿತು ಅಂತ ಬರೆದು ಕೊಡಲು ಹೇಳಿ. ನಂಬರ್ ಪ್ಲೇಟಿಗೆ ಬೇರೆ ದುಡ್ಡು ಅಂದರೂ ಕೊಡಬೇಡಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಕಂಪನಿಯೇ ಕೊಡಬೇಕು, ಅದರ ಖರ್ಚು ಗಾಡಿಯ ಬೆಲೆಯಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಕೊಂಡರೂ ವಿಳಾಸ ಗದಗದ್ದಾದ್ದರಿಂದ ನಿಮಗೆ ಕೆಎ-26 ನಂಬರೇ ಸಿಗುತ್ತದೆ. ಹುಬ್ಬಳ್ಳಿಯ ಕೆಎ-63 ಬಂದೀತು ಅನ್ನುವ ಚಿಂತೆ ಬಿಡಿ.

ಇನ್ಶೂರೆನ್ಸ್ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ನಾನೂ ಕಳೆದುಕೊಂಡದ್ದು ಇಲ್ಲೇ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ಇದರ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ, ಯಾವ ಕಂಪನಿಯಲ್ಲಿ ಮಾಡಿಸಿದರೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ನಮ್ಮ ಗಾಡಿಯ ಹಾನಿಗೆ ಮಾಡಿಸುವ ಓನ್ ಡ್ಯಾಮೇಜ್ ಭಾಗದಲ್ಲಿ ಮತ್ತು ಅದಕ್ಕೆ ಅಂಟಿಸುವ ಆಡ್-ಆನ್‌ಗಳಲ್ಲಿ. ಝೀರೋ ಡೆಪ್ರಿಸಿಯೇಶನ್ (ಕ್ಲೈಮ್ ಕೊಡುವಾಗ ಬಿಡಿಭಾಗಗಳ ಸವಕಳಿ ಕಳೆಯದ ಆಡ್-ಆನ್) ಹೊಸ ಗಾಡಿಗೆ ಇರಲಿ. ಕೀಲಿ ಕಳೆದರೆ ಒಂದು, ಸಾಮಾನು ಕಳೆದರೆ ಒಂದು ಅಂತ ಸೇರಿಸಿದ್ದರೆ ತೆಗೆಸಿ. ಶೋರೂಮಿನಲ್ಲೇ ವಿಮೆ ಮಾಡಿಸಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಕಂಪನಿ ಆರಿಸುವುದು ಗ್ರಾಹಕರ ಇಷ್ಟ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ನಿಯಮವೂ ಅದನ್ನೇ ಹೇಳುತ್ತದೆ. ಅದೇ ಗಾಡಿಗೆ, ಅದೇ ಆಡ್-ಆನ್‌ಗಳಿಗೆ ಹೊರಗಿನ ಎರಡು ಕಂಪನಿಗಳಿಂದ ದರ ತೆಗೆಸಿ ಮೇಜಿನ ಮೇಲಿಡಿ. ಎಷ್ಟೋ ಸಲ ಅವರೇ ಅದರ ಹತ್ತಿರಕ್ಕೆ ಇಳಿಯುತ್ತಾರೆ. "ಹೊರಗ ಮಾಡಿಸಿದ್ರ ನಮ್ಮ ವರ್ಕ್‌ಶಾಪಿನ್ಯಾಗ ಕ್ಯಾಶ್‌ಲೆಸ್ ಇಲ್ಲ" ಎಂದರೆ ಮಾತ್ರ ಪೂರ್ತಿ ತಳ್ಳಿ ಹಾಕಬೇಡಿ. ಆ ವರ್ಕ್‌ಶಾಪ್ ಕಂಪನಿಯ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ವಿಮಾ ಕಂಪನಿಯನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಹಳೆ ಕಾರನ್ನು ಅಣ್ಣಿಗೇರಿಯ ನಿಮ್ಮ ಭಾವನವರಿಗೆ ಕೊಡುತ್ತೇನೆ ಎಂದು ಬರೆದಿದ್ದೀರಿ. ಐದು ವರ್ಷದಿಂದ ಒಂದೂ ಕ್ಲೈಮ್ ಮಾಡಿಲ್ಲ ಎಂದೂ ಬರೆದಿದ್ದೀರಿ. ಹಾಗಾದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 50 ನೋ ಕ್ಲೈಮ್ ಬೋನಸ್ (ಎನ್‌ಸಿಬಿ) ಎಂಬ ರಿಯಾಯಿತಿ ನಿಮ್ಮದು. ಈ ಬೋನಸ್ ಗಾಡಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಭಾವನವರ ಹೆಸರಿಗೆ ಗಾಡಿ ವರ್ಗ ಮಾಡಿದ ಮೇಲೆ ಹಳೆ ವಿಮಾ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತರಿಸಿ, ಹೊಸ ಗಾಡಿಯ ವಿಮೆಗೆ ಹಾಕಿಸಿ. ನಾನು ಕೆಲವು ವರ್ಷದ ಹಿಂದೆ ಕಾರು ಬದಲಿಸಿದಾಗ ಶೋರೂಮಿನವರು ಇದನ್ನು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಆರು ವರ್ಷ ಜೋಪಾನವಾಗಿ ಓಡಿಸಿ ಗಳಿಸಿದ್ದು ಒಂದು ಸಹಿಯಲ್ಲಿ ಹೋಯಿತು. ಆ ಬೇಸರ ಇನ್ನೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಕ್ಸೆಸರಿ ಕಿಟ್ ಬೇಡ. ಮ್ಯಾಟ್, ಮಡ್ ಫ್ಲಾಪ್, ಬಾಡಿ ಕವರ್ ಹುಬ್ಬಳ್ಳಿಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ, ಬೇಕಾದ್ದು ಮಾತ್ರ ಕೊಳ್ಳಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಯಾದರೆ ಸಾದಾ ಸೀಟ್ ಕವರ್ ಹಾಕಿಸಲೇಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅದು ಅಡ್ಡ ಬರುತ್ತದೆ. ವೈರ್ ಕತ್ತರಿಸಿ ಜೋಡಿಸುವ ಕೆಲಸ ಮಾತ್ರ ಹೊರಗೆ ಬೇಡ, ವಾರಂಟಿಗೆ ತೊಂದರೆ. ಕೋಟಿಂಗೂ ಬೇಡ. ಉಪ್ಪುಗಾಳಿಯ ಕಾರವಾರದವರು ಅಡಿಭಾಗಕ್ಕೆ ಬಳಿಸಿದರೆ ಒಂದು ಅರ್ಥವಿದೆ, ಬೆಟಗೇರಿಯ ಒಣ ಹವೆಗೆ ನನ್ನ ಪ್ರಕಾರ ಅದು ದಂಡ. ಹ್ಯಾಂಡ್ಲಿಂಗ್ ಅಂದರೆ ಗಾಡಿಯನ್ನು ಡಿಪೋದಿಂದ ಶೋರೂಮಿಗೆ ತಂದ ಖರ್ಚಂತೆ. ಶೋರೂಮಿಗೆ ಬಂದು ನಿಂತ ಗಾಡಿಯ ಬೆಲೆಯೇ ಎಕ್ಸ್-ಶೋರೂಮ್ ಬೆಲೆ. ಮತ್ತೆ ಯಾಕೆ ಕೊಡಬೇಕು? ವಾರಂಟಿ ಮಾತ್ರ ನಿಮಗೆ ಬಿಟ್ಟದ್ದು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಒಳ್ಳೆಯದೇ, ಆದರೆ ಇವತ್ತೇ ಕೊಳ್ಳಬೇಕೆಂದಿಲ್ಲ. ಬಹುತೇಕ ಕಂಪನಿಗಳು ಮೊದಲ ವಾರಂಟಿ ಮುಗಿಯುವ ಮುಂಚೆ ಕೊಳ್ಳಲು ಬಿಡುತ್ತವೆ, ದರ ಸ್ವಲ್ಪ ಏರಬಹುದು ಅಷ್ಟೇ.

ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್ ಮೂರೇ 37,500 ಆಯಿತು ನೋಡಿ. ಕಿಟ್ ತೆಗೆದುಕೊಂಡರೆ ಮಾತ್ರ ಗಾಡಿ ಎಂದರೆ, ಅದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಹೆಸರಿಟ್ಟು ತಪ್ಪೆಂದಿರುವ ವ್ಯವಹಾರ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತು ಹಾಕುವಂತಿಲ್ಲ. ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಗದಗದ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಂಡದ್ದು ಹುಬ್ಬಳ್ಳಿಯಲ್ಲಾದರೂ ನೀವಿರುವ ಊರಲ್ಲೇ ದೂರು ಕೊಡಬಹುದು. ಆದರೆ ಆ ಸೇಲ್ಸ್ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಕಿಟ್ ತೆಗೆಯುವ ಅಧಿಕಾರ ಇರುವುದಿಲ್ಲ. ಮ್ಯಾನೇಜರ್ ಜೊತೆ ಕೂತು ಸಮಾಧಾನದಿಂದ ಮಾತಾಡಿ.

ಯಾವಾಗ ಹೋಗಬೇಕು ಅಂದರೆ, ಪಾಡ್ಯದ ಹಿಂದಿನ ವಾರವಂತೂ ಬೇಡ. ಆಗ ಎಲ್ಲರಿಗೂ ಅದೇ ದಿನ ಗಾಡಿ ಬೇಕು, ನಿಮ್ಮ ಮಾತು ಕೇಳುವವರಿಲ್ಲ. ಪಕ್ಷಮಾಸದಲ್ಲಿ ಹೋಗಿ. ಆ ಹದಿನೈದು ದಿನ ನಮ್ಮ ಕಡೆ ಯಾರೂ ಹೊಸದು ಕೊಳ್ಳುವುದಿಲ್ಲ, ಶೋರೂಮ್ ಖಾಲಿ ಹೊಡೆಯುತ್ತಿರುತ್ತದೆ. ಬರೀ ಮಾತಾಡಿ ದರ ಬರೆಸಿಕೊಳ್ಳುವುದಕ್ಕೆ ಯಾವ ದೋಷವೂ ಇಲ್ಲ, ತಂದೆಯವರಿಗೂ ಹಾಗೇ ಹೇಳಿ. ಘಟಸ್ಥಾಪನೆಯ ದಿನ ಬುಕಿಂಗ್ ಹಣ ಕಟ್ಟಿ. ಗದಗ, ಹುಬ್ಬಳ್ಳಿ, ಬೆಳಗಾವಿಯಲ್ಲಿ ಅದೇ ಕಂಪನಿಯ ಬೇರೆ ಡೀಲರ್ ಇದ್ದರೆ ಅಲ್ಲಿಂದಲೂ ಒಂದು ಕೊಟೇಶನ್ ತನ್ನಿ. ಬುಕಿಂಗ್ ಫಾರ್ಮಿನಲ್ಲಿ ಒಪ್ಪಿದ ದರ, ರಿಯಾಯಿತಿ, ರದ್ದಾದರೆ ಹಣ ವಾಪಸ್ ಎಷ್ಟು, ಎಲ್ಲ ಬರೆಸಿ. ಕಂಪನಿ ಬೆಲೆ ಏರಿಸಿದರೆ ಡೆಲಿವರಿ ದಿನದ ಬೆಲೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಅದನ್ನೂ ಓದಿಕೊಳ್ಳಿ. ಹಣ ಡೀಲರ್ ಖಾತೆಗೇ ಹೋಗಲಿ, ಯಾರ ಸ್ವಂತ ಫೋನ್‌ಪೇ ನಂಬರಿಗೂ ಬೇಡ.

ಕೊನೆಗೆ ಡೆಲಿವರಿ. ಗಾಡಿಯನ್ನು ನೋಂದಣಿಗೆ ಮುಂಚೆಯೇ ಹಗಲು ಬೆಳಕಲ್ಲಿ ನೋಡಿ. ನಿಮ್ಮ ಹೆಸರಿಗೆ ಆದ ಮೇಲೆ ಬೇಡ ಅನ್ನುವುದು ಕಷ್ಟ. ಚಾಸಿ ನಂಬರ್ ಕೇಳಿ, ತಯಾರಾದ ತಿಂಗಳು ಯಾವುದೆಂದು ಬರೆಸಿಕೊಳ್ಳಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹೋದ ವರ್ಷದ ಗಾಡಿ ನಿಂತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೊಸ ಕೊಟೇಶನ್ ಕೈಗೆ ಬಂದ ಮೇಲೆ ಒಂದು ಪ್ರತಿ ನಮ್ಮ ವಿಳಾಸಕ್ಕೆ ಕಳಿಸಿ, ಮಾಸ್ತರೇ. ಸಹಿ ಮಾಡುವ ಮುಂಚೆ ಸಾಲು ಸಾಲಾಗಿ ಇನ್ನೊಮ್ಮೆ ನೋಡೋಣ.

— ಸಂ.